ಎಡಗೆನ್ನೆಯ ಮಚ್ಚೆ

ಸತ್ತವರ ಫೋಟೊ ತಂದವರು ಏನೇನು ಕೇಳುತ್ತಾರೆಂಬುದು ನನಗೆ ಬಾಯಿಪಾಠವಾಗಿತ್ತು. ಮದುವೆಯ ಗುಂಪಿನಿಂದ ಒಬ್ಬರನ್ನೇ ಬಿಡಿಸಿ ಕೊಡಿ ಎನ್ನುತ್ತಾರೆ. ಬನಿಯನ್ನಿನ ಮೇಲೆ ಕೋಟು ತೊಡಿಸಿ, ಹಣೆಗೆ ವಿಭೂತಿ ಇಡಿ, ಅರೆ ಮುಚ್ಚಿದ ಕಣ್ಣು ತೆರೆಸಿ ಎನ್ನುತ್ತಾರೆ. ಕೊನೆಗೆ ಎಲ್ಲರೂ ಸೇರಿಸುವ ಮಾತು ಒಂದೇ: ಮುಖದ ಕಲೆ ತೆಗೆದುಬಿಡಿ. ಕಲೆ ಹಾಕಿ ಕೊಡಿ ಎಂದು ಕೇಳಿದವರು ಇಷ್ಟು ವರ್ಷಗಳಲ್ಲಿ ಒಬ್ಬರೇ.

ಹುಬ್ಬಳ್ಳಿಯ ಬೆಂಗೇರಿಯಲ್ಲಿ, ಸಂತೆ ಕೂಡುವ ಬಯಲಿನ ಹತ್ತಿರ ನನ್ನದೊಂದು ಸಣ್ಣ ಅಂಗಡಿ ಇದೆ. ಝೆರಾಕ್ಸ್, ಪಾಸ್‌ಪೋರ್ಟ್ ಫೋಟೊ, ಹಳೆಯ ಫೋಟೊ ದುರಸ್ತಿ, ಫ್ರೇಮು. ಆ ಮಧ್ಯಾಹ್ನ ಹಿಂದಿನ ಓಣಿಯ ಹತ್ತಿ ದಲಾಲರ ಹೆಂಡತಿ ಬಂದರು. ದಲಾಲರು ಹೊರಗೆ ಸ್ಕೂಟರಿನ ಹತ್ತಿರವೇ ನಿಂತರು. ಅವರ ಹಿರಿಯ ಮಗಳು ಅದೇ ವಾರ ತೀರಿಕೊಂಡಿದ್ದಳು. ಮಳೆಗಾಲದ ಜ್ವರ, ಆಸ್ಪತ್ರೆಗೆ ಸೇರಿಸುವ ಹೊತ್ತಿಗೆ ರಕ್ತ ಕೆಟ್ಟಿತ್ತು. ಓಣಿಯಲ್ಲಿ ಬೇರೆ ಮಾತೂ ಹುಟ್ಟಿತ್ತು, ಮದುವೆಯಾಗದ ಹುಡುಗಿ ಸತ್ತರೆ ಹುಟ್ಟುವ ಮಾತು. ಅದು ಸುಳ್ಳು. ಅದಕ್ಕೇ ಜ್ವರದ ಸಂಗತಿಯನ್ನು ಮೊದಲೇ ಬರೆದುಬಿಟ್ಟಿದ್ದೇನೆ.

“ಅಕ್ಕಾರ, ನಾಳೆ ಗಣಾರಾಧನಿ ಐತ್ರಿ,” ಎಂದು ಆ ತಾಯಿ ಮೊಬೈಲನ್ನು ನನ್ನ ಮುಂದೆ ಹಿಡಿದರು. ತೀರಿದವರ ಹೆಸರಿನಲ್ಲಿ ಪೂಜೆ, ಊಟ ಇಡುವ ಆ ದಿನ ಮಂದಿ ಬಂದು ವಿಭೂತಿ ಹಚ್ಚಿ ಕೈ ಮುಗಿಯಲು ಒಂದು ಫೋಟೊ ಬೇಕಿತ್ತು. “ಎಲ್ಲಾ ಫೋಟೋ ಹುಡುಕೇನಿ. ಒಂದರಾಗೂ ಆಕಿ ಮಚ್ಚಿ ಇಲ್ಲ. ತಿರುಗಿ ಹಚ್ಚಿ ಕೊಡ್ರಿ.”

ನಾನು ಮೊಬೈಲನ್ನು ಕೈಗೆ ತೆಗೆದುಕೊಂಡು ನೋಡಿದೆ. ನುಣುಪಾದ ಮುಖ. ಚೆನ್ನಾಗಿತ್ತು. ಅವಳದಾಗಿರಲಿಲ್ಲ.

ಅವಳು ಮೊದಲು ನನ್ನ ಅಂಗಡಿಗೆ ಬಂದದ್ದು ಇದೇ ತಾಯಿಯ ಜೊತೆ, ಹಸಿರು ಸೀರೆ ಉಟ್ಟು. ವರನ ಕಡೆಯವರಿಗೆ ಕಳಿಸಲು ಫೋಟೊ ಬೇಕಾಗಿತ್ತು. ಎಡಗೆನ್ನೆಯ ಮೇಲೆ, ಕಿವಿಯ ಮುಂದಿನಿಂದ ದವಡೆಯ ಕಡೆಗೆ ಇಳಿದ ಹುಟ್ಟುಮಚ್ಚೆ. ಹುಣಸೆಬೀಜದ ಬಣ್ಣ. ದೂರದಿಂದ ನೋಡಿದರೆ ಯಾರೋ ಮೂರು ಬೆರಳನ್ನು ಒತ್ತಿ ತೆಗೆದಂತೆ ಕಾಣುತ್ತಿತ್ತು. ತಾಯಿ ನನ್ನ ಕಡೆ ಬಾಗಿ, “ಅಲ್ಲಿಷ್ಟು ಛಲೋ ಮಾಡ್ರಿ,” ಎಂದು ಮೆಲ್ಲಗೆ ಹೇಳಿದ್ದರು.

ಮಗಳಿಗೆ ಕೇಳಿಸಿತ್ತು. “ಅವ್ವಾ, ವರಾ ಬಂದಾಗ ಅಕ್ಕಾರ್ನೂ ಕರದು ಬಾಜೂಕ ಕುಂಡ್ರಿಸು. ನಾ ಚಾ ಕೊಡೂ ಮುಂದ ಇವರು ಒರಸಕೋತ ಇರ್ಲಿ.”

“ಸುಮ್ಮ ಕೂಡು. ಬಾಯಿ ಭಾಳ ಆತು ನಿಂದು.”

“ಬಾಯೀನೂ ತಗೀರಿ ಅಕ್ಕಾರ, ಕೂಡೇ ಆಗಿಬಿಡ್ಲಿ.”

ಮೂವರೂ ನಕ್ಕೆವು. ನಾನು ಮಚ್ಚೆ ತೆಗೆದೆ.

ಆಗ ನನ್ನ ಕಂಪ್ಯೂಟರಿನಲ್ಲಿ ಇದ್ದದ್ದು ದೊಡ್ಡ ಕಂಪನಿಯ ಸಾಫ್ಟ್‌ವೇರ್. ದೊಡ್ಡ ಸ್ಟುಡಿಯೋದವರೆಲ್ಲ ಅದನ್ನೇ ಬಳಸುತ್ತಾರೆ. ಕಂಪ್ಯೂಟರ್ ಜೋಡಿಸಿ ಕೊಟ್ಟವನು ಎಲ್ಲಿಂದಲೋ ನಕಲು ತಂದು ಹಾಕಿದ್ದ. ಅದರಲ್ಲಿ ಕೆಲಸ ಕಲಿಯುವಾಗಲೇ ನನಗೆ ಒಂದು ರೂಢಿ ಬಿದ್ದಿತ್ತು: ಮೂಲ ಫೋಟೊವನ್ನು ಮುಟ್ಟುವುದಿಲ್ಲ. ಅದರ ಮೇಲೆ ಒಂದು ಖಾಲಿ ಪದರ ಹಾಸಿಕೊಳ್ಳುತ್ತೇನೆ, ನಕಾಶೆಯ ಮೇಲೆ ತೆಳು ಕಾಗದ ಹಾಸಿದಂತೆ. ಮಾಡುವುದನ್ನೆಲ್ಲ ಆ ಕಾಗದದ ಮೇಲೆ ಮಾಡುತ್ತೇನೆ. ಗಿರಾಕಿಗಳ ಮನಸ್ಸು ಬದಲಾಗುತ್ತದೆ. “ಅಷ್ಟು ಬೆಳ್ಳಗ ಬ್ಯಾಡ್ರಿ, ಸಂಶೆ ಬರತೈತಿ” ಎನ್ನುತ್ತಾರೆ. ಆಗ ಮೇಲಿನದನ್ನು ತೆಗೆದರೆ ಕೆಳಗಿನದು ಹಾಗೇ ಇರುತ್ತದೆ. ಇದರಲ್ಲಿ ಜಾಣತನವೇನಿಲ್ಲ. ಒಮ್ಮೆ ಮಾಡಿದ ಕೆಲಸವನ್ನು ಮತ್ತೆ ಮೊದಲಿನಿಂದ ಮಾಡಲು ಬೇಸರ, ಅಷ್ಟೇ.

ವರನ ಕಡೆಯವರು ಫೋಟೊ ಮೆಚ್ಚಿ ಬಂದರು, ಉಪ್ಪಿಟ್ಟು ತಿಂದರು, ಹೋದರು. ಮರುವಾರ ಹುಡುಗಿ ಒಬ್ಬಳೇ ನನ್ನ ಅಂಗಡಿಗೆ ಬಂದು ಅದನ್ನೆಲ್ಲ ಅಭಿನಯಿಸಿ ತೋರಿಸಿದಳು. ಹುಡುಗನ ಸೋದರತ್ತೆ ಇವಳ ಗದ್ದ ಹಿಡಿದು ಬೆಳಕಿನ ಕಡೆ ತಿರುಗಿಸಿದ್ದಳಂತೆ.

“ಸಂತ್ಯಾಗ ಬದನೀಕಾಯಿ ಹುಳುಕ ನೋಡ್ತಾರಲ್ರಿ, ಹಂಗ. ನೋಡಿ ಬುಟ್ಯಾಗ ಒಗದು ಹೋದ್ರು.”

“ಏನಂದ್ರು?”

“ಫೋಟೋದಾಗ ಬ್ಯಾರೆ ಇತ್ತು ಅಂದ್ರಂತ. ಖರೇ ಅಲ್ರಿ ಮತ್ತ?” ಎಂದು ನಕ್ಕಳು. ಆಮೇಲೆ ನಗು ನಿಲ್ಲಿಸಿ, “ಅದನ್ನ ಹೆಂಗ ತಗೀತೀರಿ? ನನಗೂ ಕಲಿಸ್ರಿ,” ಎಂದಳು.

ಅಷ್ಟರಲ್ಲಿ ನನ್ನ ಹಳೆಯ ಕಂಪ್ಯೂಟರ್ ಕೆಟ್ಟು ಹೊಸದು ಬಂದಿತ್ತು. ಆ ನಕಲು ಸಾಫ್ಟ್‌ವೇರ್ ಹೊಸದರ ಮೇಲೆ ಏರಲಿಲ್ಲ. ನ್ಯಾಯವಾಗಿ ಕೊಳ್ಳೋಣವೆಂದರೆ ಕಂಪನಿ ಅದನ್ನು ಮಾರುವುದೇ ಇಲ್ಲ, ತಿಂಗಳ ಬಾಡಿಗೆಗೆ ಕೊಡುತ್ತದೆ. ಅಂಗಡಿಗೆ ಒಂದು ಬಾಡಿಗೆ, ಕುಂಚಕ್ಕೆ ಇನ್ನೊಂದು ಬಾಡಿಗೆ ಎಂದರೆ ನನ್ನಂಥವಳಿಗೆ ಆಗುವ ಮಾತಲ್ಲ. ಹುಡುಕಿ ಒಂದು ಪುಕ್ಕಟೆ ಸಾಫ್ಟ್‌ವೇರ್ ಹಾಕಿಸಿಕೊಂಡೆ. ಮೊದಮೊದಲು ಅನ್ಯರ ಅಡುಗೆಮನೆಯಲ್ಲಿ ಸಾಸಿವೆ ಡಬ್ಬಿ ಹುಡುಕಿದಂತಾಯಿತು. ಕುಂಚ ಇದ್ದಲ್ಲಿ ಇರಲಿಲ್ಲ, ಕತ್ತರಿಗೆ ಬೇರೆ ಹೆಸರಿತ್ತು. ಆದರೆ ನನಗೆ ಬೇಕಾದದ್ದೆಲ್ಲ ಇತ್ತು. ಅದನ್ನೇ ಅವಳ ಲ್ಯಾಪ್‌ಟಾಪಿಗೂ ಹಾಕಿ ಕೊಟ್ಟೆ.

ಅವಳು ದಿನಾಲು ಧಾರವಾಡಕ್ಕೆ, ಸಪ್ತಾಪುರದ ಕೋಚಿಂಗ್ ಕ್ಲಾಸಿಗೆ ಹೋಗುತ್ತಿದ್ದಳು. ಅಪ್ಪ ಸ್ಕೂಟರಿನ ಮೇಲೆ ಚಿಗರಿ ಬಸ್ಸಿನ ನಿಲ್ದಾಣದವರೆಗೆ ಬಿಟ್ಟು ಬರುತ್ತಿದ್ದರು. ಸಂಜೆ ಮರಳುವಾಗ ನನ್ನಲ್ಲಿ ಬಂದು ಕೂಡುತ್ತಿದ್ದಳು. ಕಲೆಯ ಪಕ್ಕದ ಒಳ್ಳೆಯ ಚರ್ಮವನ್ನು ನಕಲು ಮಾಡಿ ಕಲೆಯ ಮೇಲೆ ಹಚ್ಚುವ ಕುಂಚವೊಂದಿದೆ. ಅದರಲ್ಲಿ ಅವಳ ಕೈ ನನಗಿಂತ ಬೇಗ ಕುದುರಿತು. ಪದರ ಹಾಸುವುದನ್ನು ಮಾತ್ರ ಅವಳು ಕಲಿಯಲಿಲ್ಲ. ನೇರ ಮೂಲ ಫೋಟೊದ ಮೇಲೆಯೇ ಒರೆಸಿ, ಅದೇ ಹೆಸರಿನಲ್ಲಿ ಉಳಿಸಿಬಿಡುತ್ತಿದ್ದಳು.

“ಹಳೇದು ಹೋಗಿಬಿಡತೈತಿ ಹಂಗ ಮಾಡಿದ್ರ,” ಎಂದೆ.

“ಹಳೇದು ಯಾರಿಗೆ ಬೇಕಾಗೈತ್ರಿ?”

ಒಂದು ದಿನ ಪೆನ್‌ಡ್ರೈವ್ ತಂದು, ಇವನ್ನೆಲ್ಲ ಪ್ರಿಂಟ್ ಹಾಕಿ ಕೊಡಿ ಎಂದಳು. ಅಪ್ಪ ಅವ್ವನ ಲಗ್ನದ ದಿನಕ್ಕೆ ಉಡುಗೊರೆಯಂತೆ. ಮನೆಯ ಆಲ್ಬಮ್ಮಿನ ಫೋಟೊಗಳು. ತೊಟ್ಟಿಲಲ್ಲಿ ಅವಳು, ಅಜ್ಜಿಯ ತೊಡೆಯ ಮೇಲೆ ಅವಳು, ಸಾಲೆಯ ಸಮವಸ್ತ್ರದಲ್ಲಿ ಅವಳು. ಆಲ್ಬಮ್ಮಿನ ಪ್ಲಾಸ್ಟಿಕ್ಕಿಗೆ ಅಂಟಿ ಬೂಸರು ಹಿಡಿದಿದ್ದನ್ನು ಮೊಬೈಲಿನಲ್ಲಿ ತೆಗೆದು, ಸ್ವಚ್ಛ ಮಾಡಿದ್ದಳು. ಬೂಸರಿನ ಜೊತೆಗೆ ಮಚ್ಚೆಯೂ ಹೋಗಿತ್ತು, ತೊಟ್ಟಿಲಿನಿಂದಲೇ. ನಾನು ದೊಡ್ಡದು ಮಾಡಿ ನೋಡಿದೆ. ತಿದ್ದಿದ ಜಾಗದ ಅಂಚು ಎಲ್ಲೂ ಕಾಣುತ್ತಿರಲಿಲ್ಲ. ಹಾಗೆಂದು ಹೇಳಿದಾಗ ಅವಳಿಗೆ ಬಹಳ ಖುಷಿಯಾಯಿತು. ಹಳೆಯ ಪ್ರಿಂಟುಗಳನ್ನು ಆಲ್ಬಮ್ಮಿನಿಂದ ಕಿತ್ತಾಗ ಹರಿದವಂತೆ, ಒಲೆಗೆ ಹೋದವಂತೆ.

ಹೀಗಾಗಿ ಆ ತಾಯಿ ಹೇಳಿದ್ದು ಅಕ್ಷರಶಃ ನಿಜವಾಗಿತ್ತು. ಆಲ್ಬಮ್ಮಿನಲ್ಲಿ ಇರಲಿಲ್ಲ. ಮೊಬೈಲಿನಲ್ಲಿ ಇರಲಿಲ್ಲ, ಈಗಿನ ಮೊಬೈಲು ತಾನಾಗಿಯೇ ಮುಖವನ್ನು ತಿದ್ದುತ್ತದೆ, ಉಳಿದದ್ದನ್ನು ಅವಳು ತಿದ್ದಿದ್ದಳು. ನೆಂಟರ ಮದುವೆಗಳ ಫೋಟೊಗಳಲ್ಲಿ ಅವಳು ಯಾವಾಗಲೂ ಬಲಗೆನ್ನೆ ಮುಂದೆ ಮಾಡಿ ನಿಂತಿದ್ದಳು, ಎಡಕ್ಕೆ ಕೂದಲು ಇಳಿಬಿಟ್ಟು. ಆಧಾರ್ ಕಾರ್ಡಿನಲ್ಲಿ ಇಡೀ ಮುಖವೇ ಒಂದು ಕಪ್ಪು ಮಸಿ.

ನಾನು ಮೊಬೈಲಿನ ಫೋಟೊವನ್ನು ಕಂಪ್ಯೂಟರಿಗೆ ಹಾಕಿಕೊಂಡೆ. ತಾಯಿ ನನ್ನ ಪಕ್ಕದ ಸ್ಟೂಲಿನ ಮೇಲೆ ಕೂತರು. ಹೊಸ ಪದರ ಹಾಸಿ, ಹುಣಸೆಬೀಜದ ಬಣ್ಣ ಕಲಸಿ, ಕುಂಚ ಹಿಡಿದು ಅವರ ಮುಖ ನೋಡಿದೆ. ಅವರು ಬೆರಳನ್ನು ಪರದೆಯ ಮೇಲೆ ಇಟ್ಟು ತೋರಿಸಿದರು.

“ಇಲ್ಲಿಂದ್ರಿ. ಹಿಂಗ ಕೆಳಗ.”

ಬಿಡಿಸಿದೆ.

“ಅಷ್ಟು ದಪ್ಪ ಇರಲಿಲ್ಲ.”

ತಿಳಿ ಮಾಡಿದೆ.

“ಇದು ಏನೋ ಬಳದಂಗ ಆತು. ಆಕೀದು ಒಳಗಿಂದ ಬಂದಂಗ ಇತ್ತು.”

ಅಳಿಸಿದೆ, ಮತ್ತೆ ಬಿಡಿಸಿದೆ. ಮಚ್ಚೆ ಗಾಯದಂತೆ ಕಂಡಿತು, ಆಮೇಲೆ ಮಸಿಯಂತೆ, ಆಮೇಲೆ ನೆರಳಿನಂತೆ. ಪುಕ್ಕಟೆ ಕುಂಚವೆಂದು ಹೀಗಾಯಿತು ಎನ್ನಲಾರೆ, ಬಾಡಿಗೆಯ ಕುಂಚವೂ ಅಷ್ಟನ್ನೇ ಮಾಡುತ್ತಿತ್ತು. ಚರ್ಮದ ಮೇಲೆ ಚರ್ಮ ಹಚ್ಚಿ ಕಲೆ ಮುಚ್ಚುವುದು ಸುಲಭ, ಬೇಕಾದ ಚರ್ಮ ಪಕ್ಕದಲ್ಲೇ ಇರುತ್ತದೆ. ಮಚ್ಚೆಯನ್ನು ನಕಲು ಮಾಡಿ ತರಲು ಆ ಮುಖದ ಮೇಲೆ ಎಲ್ಲೂ ಮಚ್ಚೆ ಇರಲಿಲ್ಲ.

ಇಷ್ಟು ಹೊತ್ತಾಯಿತೆಂದು ದಲಾಲರು ಒಳಗೆ ಬಂದರು. ಪರದೆ ನೋಡಿ, “ತಪ್ಪು ಬಾಜೂಕ ಹಾಕೀರಿ, ತಂಗಿ,” ಎಂದರು.

“ಎಡಗಲ್ಲರೀ ಅದು,” ಎಂದರು ತಾಯಿ. ನಮ್ಮ ಕಡೆ ಕೆನ್ನೆಗೆ ಗಲ್ಲ ಎನ್ನುತ್ತಾರೆ.

“ಎಡಗಲ್ಲೇ ಅಂತೀನಿ ನಾನೂ. ಎಡಕ್ಕಿತ್ತು. ಇಲ್ಲಿ.” ಅವರು ಪರದೆಯ ಎಡಗಡೆಗೆ, ಅಂದರೆ ಅವಳ ಬಲಗೆನ್ನೆಗೆ, ಬೆರಳಿಟ್ಟರು. “ನನ್ನ ಮಗಳ ಮಾರಿ ನನಗ ಗೊತ್ತಿಲ್ಲೇನು? ದಿನಾ ನೋಡ್ತಿದ್ದೆ.”

“ಎಲ್ಲಿ ನೋಡ್ತಿದ್ರಿ?” ಎಂದು ಕೇಳಿದರು ತಾಯಿ.

ಅವರು ತಿರುಗಿ ಹೊರಗೆ ನಿಂತ ಸ್ಕೂಟರನ್ನು ನೋಡಿದರು. ನನಗೂ ಆಗ ತಿಳಿಯಿತು. ಮನೆಯಲ್ಲಿ ಮಗಳು ಅಪ್ಪನೆದುರು ತಲೆ ತಗ್ಗಿಸಿಯೇ ಓಡಾಡುತ್ತಿದ್ದಳು. ಅವರು ಅವಳ ಮುಖವನ್ನು ನಿಟ್ಟಿಸಿ ನೋಡಿದ್ದು ದಿನಾ ಬೆಳಗ್ಗೆ, ಹಿಂದೆ ಕೂತವಳನ್ನು, ಸ್ಕೂಟರಿನ ಕನ್ನಡಿಯಲ್ಲಿ. ಕನ್ನಡಿಯಲ್ಲಿ ಎಡಗೆನ್ನೆ ನೋಡುವವರ ಎಡಕ್ಕೇ ಬೀಳುತ್ತದೆ. ಅವರು ಫ್ರೇಮಿನ ಕಟ್ಟಿಗೆಗಳ ಹತ್ತಿರ ಹೋಗಿ ನಿಂತರು.

ಆಮೇಲೆ ಅವರೇ ನನಗೆ ಅಂದರು: “ಬಿಡವಾ ಅದನ್ನ. ಛಲೋ ಕಾಣಾಕತ್ತಾಳಲ್ಲ, ಹಂಗ ಇರ್ಲಿ. ಗ್ವಾಡಿ ಮ್ಯಾಲ ಇರೂ ಫೋಟೋ ಅದು. ಸಣ್ಣಾಕಿನ್ನ ನೋಡಾಕ ಬರಾವ್ರು ಮೊದಲ ಅದನ್ನ ನೋಡ್ತಾರ. ಮನಿತನದಾಗ ಐತಿ ಅಂತಾರ.”

ಅವರಿಗೆ ಇನ್ನೊಬ್ಬ ಮಗಳಿದ್ದಳು, ಕಾಲೇಜಿನಲ್ಲಿ. ದಲಾಲರ ದನಿಯಲ್ಲಿ ಗದರಿಕೆ ಇರಲಿಲ್ಲ. ಉಳಿದವಳ ಚಿಂತೆ ಇತ್ತು, ಅದು ಸುಳ್ಳು ಚಿಂತೆಯೂ ಆಗಿರಲಿಲ್ಲ. ಹಾಗೆ ಕೇಳುವವರನ್ನು ನಾನೂ ಕಂಡಿದ್ದೇನೆ.

ತಾಯಿ ಅವರ ಕಡೆ ತಿರುಗಲಿಲ್ಲ. “ಗ್ವಾಡಿ ಮ್ಯಾಲ ಏನರ ಹಾಕ್ರಿ. ನನಗ ಆಕಿ ಮಾರಿ ಮರತು ಹೊಂಟೈತಿ,” ಎಂದರು. “ಕಣ್ಣು ಮುಚ್ಚಿದ್ರ ಈ ಮೊಬೈಲಿನ ಮಾರೀನ ಬರತೈತಿ. ಹಡದಾಕಿ ನಾ. ಇನ್ನ ವಾರ ಆಗಿಲ್ಲ.”

ಆ ಮಾತಿನ ಮೇಲೆ ಹಳೆಯ ಡಿಸ್ಕು ನೆನಪಾಯಿತು. ಕೆಟ್ಟ ಕಂಪ್ಯೂಟರನ್ನು ಗುಜರಿಗೆ ಹಾಕುವಾಗ ಒಳಗಿನ ಡಿಸ್ಕನ್ನು ಬಿಚ್ಚಿ, ಲ್ಯಾಮಿನೇಶನ್ ಹಾಳೆಗಳ ಡಬ್ಬಿಯಲ್ಲಿ ಇಟ್ಟಿದ್ದೆ. ಅದರಲ್ಲಿದ್ದ ಫೈಲುಗಳೆಲ್ಲ ದೊಡ್ಡ ಕಂಪನಿಯ ಸಾಫ್ಟ್‌ವೇರಿನವು. ನನ್ನ ಪುಕ್ಕಟೆ ಸಾಫ್ಟ್‌ವೇರು ಅಂಥ ಫೈಲು ತೆರೆಯುತ್ತದೆ, ಆದರೆ ಒಮ್ಮೊಮ್ಮೆ ಪದರಗಳನ್ನೆಲ್ಲ ಒಂದಕ್ಕೊಂದು ಮೆತ್ತಿ ಒಂದೇ ಹಾಳೆ ಮಾಡಿ ತೋರಿಸುತ್ತದೆ. ಹಾಗೆ ಮೆತ್ತಿಕೊಂಡರೆ ಕೆಳಗೇನಿತ್ತೋ ಅದು ಸಿಗುವುದಿಲ್ಲ. ಇದನ್ನು ಆ ತಾಯಿಗೆ ಹೇಳಿಯೇ ಡಿಸ್ಕು ಜೋಡಿಸಿದೆ. ಸಿಗಬಹುದು, ಸಿಗದೆಯೂ ಇರಬಹುದು ಎಂದೆ.

ನಾನು ಕನ್ಯೆಯರ ಫೋಟೊಗಳಿಗೆ ಸೀರೆಯ ಬಣ್ಣದ ಮೇಲೆ ಹೆಸರಿಡುತ್ತಿದ್ದೆ. ಹುಡುಗಿಯ ಹೆಸರಿಟ್ಟು, ಫೈಲು ಯಾರ ಕಣ್ಣಿಗಾದರೂ ಬಿದ್ದರೆ ಚೆನ್ನಲ್ಲವೆಂದು. ಹಸಿರು ಕನ್ಯೆಯರು ಬಹಳ ಮಂದಿ ಇದ್ದರು. ಒಂದೊಂದೇ ತೆರೆಯುತ್ತ ಹೋದೆ. ಬೇರೆ ಬೇರೆ ಮನೆಗಳ ಹುಡುಗಿಯರು, ತುಟಿ ಮುಚ್ಚಿ, ಕೈ ಕಟ್ಟಿ, ಎಲ್ಲರ ಹಿಂದೂ ನಾನು ಹಾಕಿದ ಅದೇ ನೀಲಿ. ತಾಯಿ ಪ್ರತಿಯೊಂದಕ್ಕೂ “ಅಲ್ಲ” ಎನ್ನುತ್ತಿದ್ದರು. ಒಂದಕ್ಕೆ ಏನೂ ಅನ್ನಲಿಲ್ಲ.

ಬಣ್ಣ ಸ್ವಲ್ಪ ಕೆಟ್ಟಿತ್ತು, ಸೀರೆ ಹಳದಿಗೆ ತಿರುಗಿತ್ತು. ಪದರಗಳು ಮಾತ್ರ ಬೇರೆ ಬೇರೆಯಾಗಿಯೇ ಬಂದಿದ್ದವು. ಒಂದೊಂದರ ಮುಂದೆಯೂ ಸಣ್ಣ ಕಣ್ಣಿನ ಚಿತ್ರ. ಕಣ್ಣನ್ನು ಒತ್ತಿದರೆ ಆ ಪದರ ಮರೆಯಾಗುತ್ತದೆ. ಮೊದಲು ನೀಲಿ ಹಿನ್ನೆಲೆ ಹೋಯಿತು. ಆಮೇಲೆ ಮುಖಕ್ಕೆ ಹಚ್ಚಿದ ನುಣುಪು ಹೋಯಿತು. ಮೂಗಿನ ಬದಿಯ ಗೆರೆ, ಕಣ್ಣ ಕೆಳಗಿನ ದಣಿವು ಮರಳಿ ಬಂದವು. ಕೊನೆಗೆ ಕೆನ್ನೆಯ ಮೇಲೆ ನಾನು ತುಣುಕು ತುಣುಕಾಗಿ ಹಚ್ಚಿದ್ದ ಚರ್ಮವನ್ನು ಮರೆಮಾಡಿದೆ.

ಮಚ್ಚೆ ಇತ್ತು. ತಾಯಿ ತೋರಿಸಿದ್ದಕ್ಕಿಂತ ಮೇಲೆ, ಕಿವಿಗೆ ಇನ್ನೂ ಹತ್ತಿರ. ನಾನು ಕಲಸಿದ ಬಣ್ಣಕ್ಕಿಂತ ಎಷ್ಟೋ ತಿಳಿ, ಅಂಚಿನಲ್ಲಿ ಕೆಂಪು. ಅಪ್ಪ ಅದನ್ನು ಬೇರೆ ಕೆನ್ನೆಯಲ್ಲಿ ಕಂಡಿದ್ದರು, ಹೆತ್ತವಳು ಕೆಳಗೆ ಇಳಿಸಿದ್ದಳು, ಅದನ್ನು ಅಷ್ಟು ದೊಡ್ಡದು ಮಾಡಿ ನೋಡಿ ನೋಡಿ ಅಳಿಸಿದ ನಾನು ಅದರ ಬಣ್ಣವನ್ನೇ ತಪ್ಪಿದ್ದೆ. ಮೂವರಲ್ಲಿ ಯಾರೂ ಅದನ್ನು ಸರಿಯಾಗಿ ಇಟ್ಟುಕೊಂಡಿರಲಿಲ್ಲ.

ತಾಯಿ ಅಳಲಿಲ್ಲ. ಸೆರಗಿನಿಂದ ಪರದೆಯ ಧೂಳು ಒರೆಸಿದರು. ದಲಾಲರು ಹಿಂದೆ ಬಂದು ನಿಂತದ್ದು ನನಗೆ ಗೊತ್ತಾದದ್ದು ಅವರ ಉಸಿರಿನಿಂದ.

“ಹೌದು,” ಎಂದರು ಅವರು. “ಇಕಿನ.”

ಆಮೇಲೆ ತಾಯಿ ಆ ಕಣ್ಣಿನ ಚಿತ್ರಗಳನ್ನು ತೋರಿಸಿ, “ಇದು ಕೆಳಗೇ ಇತ್ತೇನ್ರಿ ಅವತ್ತಿನಿಂದ? ಮ್ಯಾಲ ಅದನ್ನ ಹಾಕಿದ ಮ್ಯಾಲೂ?” ಎಂದು ಕೇಳಿದರು.

“ಕೆಳಗ ಇತ್ರಿ.”

“ಹಂಗಾರ ಎರಡೂ ಪ್ರಿಂಟ್ ಹಾಕ್ರಿ. ಹಂಗ ಇಡ್ರಿ ಫ್ರೇಮಿನ್ಯಾಗ. ಅದು ಮ್ಯಾಲ ಇರ್ಲಿ, ಇದು ಕೆಳಗ.”

ದಲಾಲರು ಬೇಡವೆನ್ನಲಿಲ್ಲ. ನಾನು ಹಾಗೇ ಮಾಡಿದೆ. ಗಾಜು, ಅದರ ಹಿಂದೆ ನುಣುಪಾದ ಮುಖ, ಅದರ ಹಿಂದೆ ಇವಳು, ಅದರ ಹಿಂದೆ ರಟ್ಟು. ಮೊಳೆ ಬಡಿಯುವಾಗ ಒಂದು ಮೊಳೆ ಸೊಟ್ಟಾಯಿತು. ತೆಗೆದು ಬೇರೆ ಹೊಡೆದೆ.

ಗಣಾರಾಧನೆಗೆ ಹೋದೆ. ಪಡಸಾಲೆಯಲ್ಲಿ ಫೋಟೊ ಇಟ್ಟು ಮಾಲೆ ಹಾಕಿದ್ದರು. ಬಂದವರು ಗಾಜಿನ ಮೇಲೆ, ಹಣೆಯ ಜಾಗದಲ್ಲಿ ವಿಭೂತಿ ಹಚ್ಚಿ ಕೈ ಮುಗಿಯುತ್ತಿದ್ದರು. ಊಟದ ಸಾಲಿನಲ್ಲಿ ನನ್ನ ಪಕ್ಕ ಕೂತ ಹೆಂಗಸು ಫೋಟೊದ ಕಡೆ ನೋಡುತ್ತ, “ಬಂಗಾರದಂಥಾಕಿ. ಮಾರಿ ಮ್ಯಾಲ ಒಂದ ಕಲಿ ಇದ್ದಿಲ್ಲ ನೋಡ್ರಿ,” ಎಂದಳು. ಅವಳು ಆ ಹುಡುಗಿಯನ್ನು ಹುಟ್ಟಿದಾಗಿನಿಂದ ಕಂಡವಳು, ಅದೇ ಓಣಿಯವಳು. ಸುಳ್ಳು ಹೇಳುತ್ತಿರಲಿಲ್ಲ. ಅವಳಿಗೆ ಹಾಗೇ ನೆನಪಾಗಿತ್ತು. ಬಡಿಸುತ್ತಿದ್ದ ತಾಯಿಗೂ ಅದು ಕೇಳಿಸಿತು. ಅವರು ಆ ಹೆಂಗಸಿನ ಎಲೆಗೆ ಹುಗ್ಗಿ ಹಾಕಿ ಮುಂದೆ ಹೋದರು.

ಈ ವರ್ಷ ಬೇಸಿಗೆಗೆ ಮುಂಚೆ ಆ ತಾಯಿ ಕಿರಿಯ ಮಗಳನ್ನು ಕರೆದುಕೊಂಡು ಅಂಗಡಿಗೆ ಬಂದರು. ಕಳಿಸಲು ಫೋಟೊ ಬೇಕಿತ್ತು. ಇವಳ ಸೀರೆ ಕೆಂಪು. ಇವಳಿಗೆ ಮಚ್ಚೆ ಇಲ್ಲ. ಗದ್ದದ ಮೇಲೆ ಒಂದಿಷ್ಟು ಮೊಡವೆ ಎದ್ದಿದ್ದವು. ಫೋಟೊ ತೆಗೆದು ಕಂಪ್ಯೂಟರಿಗೆ ಹಾಕಿ, ನಾನು ರೂಢಿಯಂತೆ ಖಾಲಿ ಪದರ ಹಾಸಿದೆ.

“ಏನೂ ಮುಟ್ಟಬ್ಯಾಡ್ರಿ,” ಎಂದರು ತಾಯಿ.

“ಅವ್ವಾ, ಮೊಡವೀನರ ತಗಸು,” ಎಂದಳು ಹುಡುಗಿ. “ಅವೇನು ಹುಟ್ಟಾ ಬಂದಾವ? ವಾರದಾಗ ಹೋಗ್ತಾವ.”

“ಇದ್ದಂಗ ಇರ್ಲಿ.”

“ಎಲ್ಲಾರೂ ತಗಸ್ತಾರ.”

“ಇದ್ದಂಗ ಇರ್ಲಿ ಅಂದೆ.”

ನಾನು ಹಾಸಿದ ಪದರ ತೆಗೆದು, ಇದ್ದ ಹಾಗೆಯೇ ಪ್ರಿಂಟ್ ಕೊಟ್ಟೆ, ಅವಳ ಮೊಬೈಲಿಗೂ ಕಳಿಸಿದೆ. ತಾಯಿ ಚಪ್ಪಲಿ ಮೆಟ್ಟಲು ಹೊರಗೆ ಹೋದರು. ಹುಡುಗಿ ನನ್ನ ಕಡೆ ಬಾಗಿ ಪಿಸುಮಾತಿನಲ್ಲಿ, ಅವಳಕ್ಕನದೇ ನಗೆ ನಕ್ಕು, “ನಡೀತೈತಿ ಬಿಡ್ರಿ ಅಕ್ಕಾರ. ನಾನಽ ಮಾಡ್ಕೋತೇನಿ. ಮೊಬೈಲಿನ್ಯಾಗ ಒಂದು ಬಟನ್ ಒತ್ತಿದ್ರ ಆತು,” ಎಂದಳು.

ಅವರು ಹೋದ ಮೇಲೆ ನಾನು ಆ ಹಳೆಯ ಡಿಸ್ಕನ್ನು ಮತ್ತೆ ಜೋಡಿಸಿದೆ. ಮೊಡವೆಗಳಿದ್ದ ಮೂಲ ಫೋಟೊವನ್ನು ಅದರಲ್ಲಿ, ಅವಳಕ್ಕನ ಫೈಲಿನ ಪಕ್ಕದಲ್ಲಿ ಇಟ್ಟೆ. ಹೆಸರಿಡುವಾಗ ಸೀರೆಯ ಬಣ್ಣ ಹಾಕಲಿಲ್ಲ, ಅವಳ ಹೆಸರನ್ನೇ ಹಾಕಿದೆ.